ಭಕ್ತಿ ನನ್ನದಾ, ಕಾಯಿಲೆಯದಾ?

ಡಯಾಗ್ನೋಸಿಸ್ ಆದ ಹೊಸದರಲ್ಲಿ ಎಲ್ಲರಿಗೂ ಬರುವ ಪ್ರಶ್ನೆಗಳು ನನಗೂ ಬಂದವು. ಇದು ವಾಸಿಯಾಗುತ್ತಾ, ಆಫೀಸಿನಲ್ಲಿ ಹೇಳಬೇಕಾ, ಮನೆಯಲ್ಲಿ ಯಾರಿಗೆ ಎಷ್ಟು ಹೇಳೋದು. ಅವಕ್ಕೆಲ್ಲ ಹೇಗೋ ಒಂದೊಂದು ಉತ್ತರ ಸಿಕ್ಕಿತು. ಇವತ್ತಿಗೂ ಕೊರೆಯುತ್ತಿರುವುದು ಬೇರೆ ಪ್ರಶ್ನೆ. ನಾನು ದೇವರನ್ನು ನಂಬುವವಳು. ನಂಬಿದ್ದು, ಬಿಟ್ಟಿದ್ದು, ಮತ್ತೆ ಹುಡುಕಿಕೊಂಡು ಹೋಗಿದ್ದು ಎಲ್ಲ ಸೇರಿಸಿದರೂ ನಂಬುವವಳೇ. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಮಾನಸಿಕ ಕಾಯಿಲೆ ಇದೆ ಎಂದು ಡಾಕ್ಟರ್ ಹೇಳಿದ ಮೇಲೆ ಆ ಇಡೀ ಲೆಕ್ಕದ ಮೇಲೆಯೇ ಅನುಮಾನ ಶುರುವಾಯಿತು. ರಾತ್ರಿಯೆಲ್ಲ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿದ್ದು ನಾನಾ, ಕಾಯಿಲೆಯಾ? ದೇವರು ನನ್ನ ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸಿದ ಗಳಿಗೆಗಳು ನಿಜವಾ, ಅಥವಾ ಅವೂ ಡಾಕ್ಟರ್ ಫೈಲಿನಲ್ಲಿ ಬರೆದುಕೊಂಡ ಲಕ್ಷಣಗಳ ಪಟ್ಟಿಗೆ ಸೇರಬೇಕಾದವಾ?

ಮುಂದೆ ಹೋಗುವ ಮೊದಲು ಎರಡು ಮಾತು. ಒಂದು, ಈ ಕಾಯಿಲೆಯನ್ನು ಚಿಕ್ಕದಾಗಿ ಬಿಪಿಡಿ ಅಂತಾರೆ. ಹಾಗಂದಾಗ "ಬಿಪಿ ಈ ವಯಸ್ಸಿಗೇನಾ, ಉಪ್ಪು ಕಡಿಮೆ ಮಾಡಮ್ಮ" ಎಂದವರಿದ್ದಾರೆ. ತಿದ್ದಿ ಹೇಳುವ ಗೋಜಿಗೆ ಈಗೀಗ ಹೋಗೋದಿಲ್ಲ. ಎರಡು, ನನ್ನ ಧರ್ಮ ಯಾವುದು ಅನ್ನೋದನ್ನು ಇಲ್ಲಿ ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಓದುವವರು ಆ ಧರ್ಮವನ್ನು ದೂರುತ್ತಾರೆ, ಇಲ್ಲವೇ ಹೊಗಳುತ್ತಾರೆ. ನಾನು ಹೇಳಹೊರಟಿದ್ದು ಯಾವ ದೇವರ ಮುಂದೆ ಕೂತವರಿಗೂ ಆಗಬಹುದಾದ ವಿಷಯ.

ಒಂದು ರಾತ್ರಿ ಚೆನ್ನಾಗಿ ನೆನಪಿದೆ. ಆಪ್ತ ಗೆಳತಿಗೆ ಮೆಸೇಜ್ ಹಾಕಿದ್ದೆ. ದೊಡ್ಡ ವಿಷಯವೇನಲ್ಲ, "ನಾಳೆ ಸಿಗೋಣ್ವಾ?" ಅಷ್ಟೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಬೇರೆಯವರಾದರೆ ಫೋನ್ ಪಕ್ಕಕ್ಕಿಟ್ಟು ಮಲಗುತ್ತಿದ್ದರು. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಅವಳಿಗೆ ನಾನು ಸಾಕಾಗಿದ್ದೇನೆ, ಮುಗಿಯಿತು, ಇನ್ನು ಯಾರೂ ಇಲ್ಲ. ಇದನ್ನು ಯೋಚನೆ ಅನ್ನೋದಕ್ಕಿಂತ ಮೈಗೆ ಆದ ನೋವು ಅಂದರೆ ಸರಿ. ನೆಲದ ಮೇಲೆ ಕೂತು ಪ್ರಾರ್ಥನೆ ಶುರುಮಾಡಿದೆ. ಪ್ರಾರ್ಥನೆ ಅನ್ನೋದಕ್ಕಿಂತ ಚೌಕಾಸಿ. "ಹತ್ತು ಗಂಟೆಯೊಳಗೆ ಅವಳ ಉತ್ತರ ಬಂದರೆ ನೀನಿದ್ದೀಯ ಅಂತ." ಹತ್ತಾಯಿತು, ಬರಲಿಲ್ಲ. ಆಗ ದೇವರಿಗೆ ಗಡುವು ವಿಸ್ತರಿಸಿದೆ. ಹತ್ತೂವರೆ. ಅದೂ ಆಯಿತು. ಹನ್ನೊಂದಕ್ಕೆ ಹತ್ತಿರ ಫೋನ್ ಮಿಣುಕಿತು. "ಸಾರಿ ಕಣೇ, ಫೋನ್ ಚಾರ್ಜಿಗೆ ಹಾಕಿ ಮರೆತೆ. ನಾಳೆ ಸಿಗೋಣ." ಆಮೇಲೆ ಆದದ್ದನ್ನು ಹೇಗೆ ಹೇಳೋದು ಗೊತ್ತಿಲ್ಲ. ಕೋಣೆಯೆಲ್ಲ ದೇವರೇ ತುಂಬಿಕೊಂಡ ಹಾಗೆ. ನಡುರಾತ್ರಿ ದಾಟುವವರೆಗೆ ಅತ್ತುಕೊಂಡು ಕೃತಜ್ಞತೆ ಹೇಳಿದೆ. ಡೈರಿಯಲ್ಲಿ ಬರೆದೆ: "ಇನ್ಯಾವತ್ತೂ ನಿನ್ನನ್ನು ಅನುಮಾನಿಸಲ್ಲ. ನನ್ನ ಜೀವ ಇರೋವರೆಗೂ." ಮಾರನೇ ದಿನ ಮಧ್ಯಾಹ್ನ ಅವಳಿಗೆ ಏನೋ ಕೆಲಸ ಬಂತು, ಬರಲಾಗಲಿಲ್ಲ. ಸಂಜೆ ಆ ಪುಟ ಹರಿದು ಹಾಕಿದೆ. ದೇವರು ನನ್ನನ್ನು ಆಟವಾಡಿಸುತ್ತಿದ್ದಾನೆ ಎಂದು ಇನ್ನೊಂದು ಪುಟ ಬರೆದೆ.

ಆ ಡೈರಿಗಳು ಇನ್ನೂ ನನ್ನ ಹತ್ತಿರ ಇವೆ. ಈಚೆಗೆ ತೆಗೆದು ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. "ನೀನು ನನ್ನನ್ನು ಬಿಟ್ಟು ಹೋಗಬೇಡ", "ನಿನ್ನಂಥವರು ಯಾರೂ ಇಲ್ಲ", "ನಿನಗೆ ನಾನು ಬೇಡವಾದೆ ಅಲ್ವಾ" ಅನ್ನುವ ಸಾಲುಗಳಲ್ಲಿ ದೇವರ ಹೆಸರು ತೆಗೆದು ಆ ಗೆಳತಿಯ ಹೆಸರು ಹಾಕಿದರೂ ಸರಿಹೋಗುತ್ತದೆ. ಅದಕ್ಕೂ ಹಿಂದಿನ ಇನ್ನೊಬ್ಬನ ಹೆಸರು ಹಾಕಿದರೂ ಸರಿಹೋಗುತ್ತದೆ. ಎಲ್ಲರ ಜೊತೆಗೂ ನಾನು ಒಂದೇ ಸಂಬಂಧ ಕಟ್ಟುತ್ತಿದ್ದೆ. ದೇವರು ಅದಕ್ಕೆ ಹೊರತಾಗಿರಲಿಲ್ಲ.

ಕಾಣದಿದ್ದರೆ ಇಲ್ಲ

ಬಿಪಿಡಿಗೆ ಡಾಕ್ಟರುಗಳು ಸಾಮಾನ್ಯವಾಗಿ ಒಂಬತ್ತು ಲಕ್ಷಣಗಳ ಪಟ್ಟಿ ನೋಡುತ್ತಾರೆ. ಐದಾದರೂ ಇದ್ದರೆ ಡಯಾಗ್ನೋಸಿಸ್. ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯ, ಒಬ್ಬರನ್ನೇ ಒಮ್ಮೆ ಆಕಾಶಕ್ಕೇರಿಸಿ ಇನ್ನೊಮ್ಮೆ ಪಾತಾಳಕ್ಕಿಳಿಸುವ ಸಂಬಂಧಗಳು, ನಾನು ಯಾರು ಅನ್ನೋದೇ ಗಟ್ಟಿಯಾಗಿ ಗೊತ್ತಿಲ್ಲದಿರುವುದು, ದುಡುಕು, ಮೈಗೆ ನೋವು ಮಾಡಿಕೊಳ್ಳುವುದು ಅಥವಾ ಸಾಯುವ ಯೋಚನೆ, ಗಂಟೆಗೊಂದು ಮನಸ್ಥಿತಿ, ಒಳಗೆಲ್ಲ ಖಾಲಿ ಅನ್ನಿಸುವುದು, ತಡೆಯಲಾಗದ ಸಿಟ್ಟು, ಒತ್ತಡ ಜಾಸ್ತಿಯಾದಾಗ ಸ್ವಲ್ಪ ಹೊತ್ತು ಸಂಶಯ ಅಥವಾ ಎಲ್ಲವೂ ಕನಸಿನ ಹಾಗೆ ಕಾಣುವುದು. ಈ ಪಟ್ಟಿಯನ್ನು ಇನ್ನೊಮ್ಮೆ ನಿಧಾನ ಓದಿ ನೋಡಿ. ಇದರಲ್ಲಿ ದೇವರ ವಿಷಯಕ್ಕೆ ತಗಲದ ಒಂದಾದರೂ ಇದೆಯಾ?

ಬಾರ್ಡರ್‌ಲೈನ್ ಎಂಬ ಹೆಸರನ್ನು ಬಳಕೆಗೆ ತಂದದ್ದು 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕ. ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಇದು ಸೇರಿದ್ದು 1980ರಲ್ಲಿ. ನಡುವೆ 1967ರಲ್ಲಿ ಆಟೊ ಕೆರ್ನ್‌ಬರ್ಗ್ ಎಂಬ ಮನೋವೈದ್ಯ ಬರೆದ ಲೇಖನವೊಂದರ ವಿಚಾರ ನನಗೆ ತುಂಬಾ ಉಪಯೋಗಕ್ಕೆ ಬಂತು. ಇಂಥ ಕಾಯಿಲೆ ಇರುವವರ ಮನಸ್ಸು ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಕಡೆ ಇಟ್ಟುಕೊಳ್ಳಲಾರದೆ ಎರಡು ಹೋಳು ಮಾಡಿಬಿಡುತ್ತದೆ ಎನ್ನುತ್ತಾರೆ ಅವರು. ಅಮ್ಮ ಬೈದ ದಿನವೂ ಅವಳು ಪ್ರೀತಿಸುವ ಅಮ್ಮನೇ ಎಂದು ಮಗುವಿಗೆ ಒಂದು ಹಂತದಲ್ಲಿ ಗೊತ್ತಾಗುತ್ತದೆ. ಅವಳು ಪಕ್ಕದ ಕೋಣೆಗೆ ಹೋದರೂ ಇಲ್ಲವಾಗಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಈ ಎರಡೂ ನನ್ನಂಥವರಿಗೆ ಒತ್ತಡದಲ್ಲಿ ಕೈಕೊಡುತ್ತವೆ. ಕಣ್ಣೆದುರಿಗಿಲ್ಲದವರು ಇಲ್ಲವೇ ಇಲ್ಲ. ಬೇಸರ ಮಾಡಿದವರು ಯಾವತ್ತೂ ಒಳ್ಳೆಯವರಾಗಿರಲೇ ಇಲ್ಲ.

ಮನುಷ್ಯರ ವಿಷಯದಲ್ಲಾದರೆ ಒಂದು ಅನುಕೂಲವಿದೆ. ಅವರು ತಿರುಗಿ ಬರುತ್ತಾರೆ, ಫೋನ್ ಮಾಡುತ್ತಾರೆ, "ಏನಾಯ್ತೇ ನಿನಗೆ" ಎಂದು ಬೈಯುತ್ತಾರೆ. ದೇವರು ಅದ್ಯಾವುದನ್ನೂ ಮಾಡೋದಿಲ್ಲ. ಯಾವತ್ತೂ ಕಣ್ಣೆದುರಿಗೆ ಇರದವನನ್ನು, ಕಣ್ಣೆದುರಿಗೆ ಇಲ್ಲದವರು ಇಲ್ಲವೆಂದೇ ನಂಬುವ ಮನಸ್ಸು ಹೇಗೆ ನಂಬಬೇಕು? ನನಗೆ ಸಿಕ್ಕಿದ ದಾರಿ ಒಂದೇ. ಅನ್ನಿಸಿದಾಗ ಇದ್ದಾನೆ, ಅನ್ನಿಸದಾಗ ಇಲ್ಲ. ಅದಕ್ಕೇ ಸದಾ ಅನ್ನಿಸುವ ಹಾಗೆ ನೋಡಿಕೊಳ್ಳಬೇಕಿತ್ತು. ಪ್ರತಿ ಪ್ರಾರ್ಥನೆಯಲ್ಲೂ ಕಣ್ಣೀರು ಬರಬೇಕು, ಮೈ ಜುಮ್ಮೆನ್ನಬೇಕು. ಬರದ ದಿನ ಭಯ. ಜೊತೆಗಿದ್ದವರು ಇದನ್ನು ತೀವ್ರ ಭಕ್ತಿ ಎಂದುಕೊಂಡರು. ಒಂದಿಬ್ಬರು ನನ್ನ ಉದಾಹರಣೆ ಕೊಟ್ಟು ಮಕ್ಕಳಿಗೆ ಬುದ್ಧಿ ಹೇಳಿದ್ದೂ ಇದೆ!

ನಾನು ಓದುತ್ತಿದ್ದ ಧರ್ಮಗ್ರಂಥವೊಂದರಲ್ಲಿ ಎರಡು ಬಣ್ಣದ ಗೆರೆಗಳಿವೆ. ಕರುಣೆಯ ಸಾಲುಗಳಿಗೆ ನೀಲಿ, ಶಿಕ್ಷೆಯ ಸಾಲುಗಳಿಗೆ ಕೆಂಪು. ಹಾಗೆ ಯೋಜನೆ ಹಾಕಿ ಗೆರೆ ಎಳೆದದ್ದಲ್ಲ. ಒಳ್ಳೆಯ ದಿನಗಳಲ್ಲಿ ನೀಲಿ ಪೆನ್ನು ಕೈಗೆ ಬರುತ್ತಿತ್ತು, ಕೆಟ್ಟ ದಿನಗಳಲ್ಲಿ ಕೆಂಪು. ಪುಟ ತಿರುವಿ ನೋಡಿದರೆ ಒಂದೇ ಪುಟದಲ್ಲಿ ಎರಡು ಬಣ್ಣ ಎಲ್ಲೂ ಇಲ್ಲ. ಗ್ರಂಥದಲ್ಲಿ ಕರುಣೆ, ಶಿಕ್ಷೆ ಎರಡೂ ಒಂದೇ ಮಾತಿನಲ್ಲಿ ಬರುವ ಜಾಗಗಳು ಎಷ್ಟೋ ಇವೆ. ಅವಕ್ಕೆ ನಾನು ಗೆರೆಯನ್ನೇ ಎಳೆದಿಲ್ಲ. ಅವು ಕಣ್ಣಿಗೇ ಬಿದ್ದಿರಲಿಲ್ಲ ಅಂತ ಕಾಣುತ್ತದೆ.

1979ರಲ್ಲಿ ಆನಾ ಮರಿಯಾ ರಿಸ್ಸುಟೊ ಎಂಬ ಮನೋವಿಶ್ಲೇಷಕಿ ಈ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮಗು ತನ್ನ ಅಪ್ಪ ಅಮ್ಮ ಮತ್ತು ಹತ್ತಿರದವರಿಂದ ಸಿಕ್ಕ ಚೂರುಗಳಿಂದ ಮನಸ್ಸಿನಲ್ಲೊಂದು ದೇವರ ಚಿತ್ರ ಕಟ್ಟಿಕೊಳ್ಳುತ್ತದೆ, ಆ ಚಿತ್ರ ಜೀವನವಿಡೀ ಬದಲಾಗುತ್ತಾ ಹೋಗುತ್ತದೆ ಅನ್ನೋದು ಅವರ ವಾದ. ದೇವರು ಇದ್ದಾನಾ ಇಲ್ಲವಾ ಅನ್ನುವ ತೀರ್ಪಿಗೆ ಅವರು ಹೋಗಲಿಲ್ಲ. ಆ ಎಚ್ಚರ ನನಗೆ ಇಷ್ಟವಾಯಿತು. ನನ್ನ ಮನಸ್ಸಿನಲ್ಲಿರುವ ಚಿತ್ರ ಒಡೆದಿದೆ ಎಂದ ಮಾತ್ರಕ್ಕೆ ಚಿತ್ರ ಯಾರದ್ದೋ ಅವನೇ ಇಲ್ಲ ಅಂತ ಆಗೋದಿಲ್ಲ, ಇದ್ದಾನೆ ಅಂತಲೂ ಆಗೋದಿಲ್ಲ. ಮುಂದೆ 1990ರ ಸುಮಾರಿಗೆ ಲೀ ಕರ್ಕ್‌ಪ್ಯಾಟ್ರಿಕ್ ಎಂಬ ಮನಶ್ಶಾಸ್ತ್ರಜ್ಞ ಚಿಕ್ಕಂದಿನಲ್ಲಿ ನೋಡಿಕೊಂಡವರ ಜೊತೆಗಿನ ನಂಟೇ ಮುಂದಿನ ಸಂಬಂಧಗಳಿಗೂ ಅಚ್ಚಾಗುತ್ತದೆ ಅನ್ನುವ ಜಾನ್ ಬೌಲ್ಬಿಯ ಅಟ್ಯಾಚ್‌ಮೆಂಟ್ ಸಿದ್ಧಾಂತವನ್ನು ಧರ್ಮಕ್ಕೆ ಹಚ್ಚಿ ನೋಡಿದರು. ಮನೆಯಲ್ಲಿ ಪ್ರೀತಿ, ಭರವಸೆ ಸಿಕ್ಕವರು ಅದೇ ಗುಣದ ದೇವರನ್ನು ನಿಧಾನವಾಗಿ ನಂಬುತ್ತಾ ಬೆಳೆಯುತ್ತಾರೆ. ಸಿಗದವರಲ್ಲಿ ಕೆಲವರು ಆ ಕೊರತೆ ತುಂಬಿಸಿಕೊಳ್ಳಲು ದೇವರ ಹತ್ತಿರ ಬರುತ್ತಾರೆ. ದಿಢೀರ್ ಎಂದು, ಒಂದು ದೊಡ್ಡ ಸಂಕಟದ ನಡುವೆ ಧರ್ಮದ ಕಡೆ ತಿರುಗುವುದು ಈ ಎರಡನೆಯವರಲ್ಲಿ ಜಾಸ್ತಿ. ಓದಿದಾಗ ಯಾರೋ ನನ್ನ ಡೈರಿ ಕದ್ದು ಓದಿದ ಹಾಗನ್ನಿಸಿತು.

ಗುರುಗಳ ಸರದಿ

ಕಾಣದ ದೇವರ ಕಷ್ಟವನ್ನು ಕಾಣುವ ಗುರು ಸುಲಭ ಮಾಡುತ್ತಾರೆ. ನನಗೆ ಒಬ್ಬರಾದ ಮೇಲೊಬ್ಬರು ಸಿಕ್ಕಿದರು. ಮೊದಲ ಭೇಟಿಯಲ್ಲೇ ಇವರು ನನ್ನನ್ನು ಪೂರ್ತಿ ಅರ್ಥ ಮಾಡಿಕೊಂಡರು ಅನ್ನಿಸುತ್ತಿತ್ತು. ಅವರು ಓದಿದ್ದನ್ನು ಓದುವುದು, ಅವರ ಮಾತಿನ ಧಾಟಿಯಲ್ಲೇ ಮಾತಾಡುವುದು, ಅವರಿಗೆ ಇಷ್ಟವಿಲ್ಲದ ಗೆಳೆಯರನ್ನು ಬಿಡುವುದು. ನಾನು ಯಾರೆಂದು ನನಗೇ ಗೊತ್ತಿಲ್ಲದಿದ್ದಾಗ ಇನ್ನೊಬ್ಬರ ಅಚ್ಚಿನಲ್ಲಿ ಕೂರುವುದು ಎಷ್ಟು ಹಿತ ಅಂತ ಹೇಳಲಿಕ್ಕಾಗೋದಿಲ್ಲ. ಆಮೇಲೆ ಒಂದು ದಿನ ಅವರು ಹೊಸಬರ ಜೊತೆ ಮಾತಾಡುತ್ತಾ ನನ್ನ ಕಡೆ ನೋಡದೆ ಹೋಗುತ್ತಿದ್ದರು. ಅಷ್ಟು ಸಾಕು. ಮನೆ ತಲುಪುವಷ್ಟರಲ್ಲಿ ಅವರು ಢೋಂಗಿ. ಅವರು ಕಲಿಸಿದ ಪ್ರಾರ್ಥನೆಯೂ ಢೋಂಗಿ.

ಇದರಲ್ಲಿ ಒಂದು ನಿಜವಾದ ಅಪಾಯವಿದೆ, ಅದನ್ನು ಬಿಡಿಸಿ ಹೇಳಬೇಕು. ಎಲ್ಲ ಗುರುಗಳೂ ಕೆಟ್ಟವರಲ್ಲ, ನನಗೆ ಸಿಕ್ಕವರಲ್ಲಿ ಬಹುಪಾಲು ಸುಮ್ನೆ ಸಾಧಾರಣ ಒಳ್ಳೆಯ ಮನುಷ್ಯರು. ಆದರೆ ಕೆಲವು ಗುಂಪುಗಳು ನಡೆಯುವುದೇ ಈ ಏರಿಳಿತದ ಮೇಲೆ. ಹೊಸದಾಗಿ ಬಂದವರಿಗೆ ಪ್ರೀತಿಯ ಸುರಿಮಳೆ. ಪ್ರತಿದಿನ ಫೋನ್, ನೀನಿಲ್ಲದೆ ನಮಗೆ ಆಗಲ್ಲ ಅನ್ನುವ ಮಾತು. ಒಂದು ಪ್ರಶ್ನೆ ಕೇಳಿದ ಕೂಡಲೇ ಮೌನ. ಬಿಟ್ಟು ಹೋದವರ ಜೊತೆ ಯಾರೂ ಮಾತಾಡಬಾರದು ಅನ್ನುವ ಅಲಿಖಿತ ನಿಯಮ. ಕೈಬಿಡುತ್ತಾರೆ ಅನ್ನುವ ಭಯವೇ ಉಸಿರಾಗಿರುವವರಿಗೆ ಇದಕ್ಕಿಂತ ಬಿಗಿಯಾದ ಹಗ್ಗ ಬೇಕಾಗಿಲ್ಲ. ಅಲ್ಲಿಂದ ಹೊರಬರುವುದು ಇತರರಿಗೆ ಕಷ್ಟವಾದರೆ ನಮ್ಮಂಥವರಿಗೆ ಪ್ರಾಣ ಹೋದಷ್ಟು ಸಂಕಟ.

ಹೊರಬಂದ ಮೇಲೆ ನಾನು ನಾಸ್ತಿಕಳೂ ಆಗಿದ್ದೆ. ಅದೂ ಅಷ್ಟೇ ಕಾವಿನಲ್ಲಿ. ಇದನ್ನು ಹೇಳಿದರೆ ನಾಸ್ತಿಕ ಗೆಳೆಯರಿಗೆ ಬೇಜಾರಾಗಬಹುದು, ಆದರೆ ನನ್ನ ನಾಸ್ತಿಕತೆಯಲ್ಲಿ ವಿಚಾರ ಕಡಿಮೆ ಇತ್ತು, ಮುನಿಸು ಜಾಸ್ತಿ ಇತ್ತು. ಇಲ್ಲದ ದೇವರ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಅಂತ ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಹಾಗಂತ ಧರ್ಮ ಬಿಟ್ಟವರೆಲ್ಲ, ಹೊಸ ಧರ್ಮ ಹಿಡಿದವರೆಲ್ಲ ಕಾಯಿಲೆಯವರು ಎಂದು ದಯವಿಟ್ಟು ಓದಿಕೊಳ್ಳಬೇಡಿ. ಜನ ಯೋಚನೆ ಮಾಡಿ ಬದಲಾಗುತ್ತಾರೆ, ಆಗಲೇಬೇಕು. ನನ್ನ ವಿಷಯದಲ್ಲಿ ಗುರುತು ಸಿಗುವುದು ವೇಗದಿಂದ. ಬುಧವಾರ ಸಂಜೆಯವರೆಗೆ ಸತ್ಯವಾಗಿದ್ದದ್ದು ಗುರುವಾರ ಬೆಳಿಗ್ಗೆ ಪೂರ್ತಿ ಸುಳ್ಳಾಗಿದ್ದರೆ, ನಡುವಿನ ರಾತ್ರಿಯಲ್ಲಿ ಯಾರು ಫೋನ್ ಎತ್ತಲಿಲ್ಲ ಅಂತ ಮೊದಲು ನೋಡಬೇಕು.

ಯಾರೂ ಪ್ರಶ್ನೆ ಮಾಡದ ಉಪವಾಸ

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ತುಂಬಾ ಯೋಚಿಸಿದೆ. ಬಿಪಿಡಿ ಇರುವವರಲ್ಲಿ ಅನೇಕರಿಗೆ ತಮ್ಮ ಬಗ್ಗೆ ಒಂದು ಆಳದ ನಾಚಿಕೆ ಇರುತ್ತದೆ. ತಪ್ಪು ಮಾಡಿದೆ ಅನ್ನುವ ಪಶ್ಚಾತ್ತಾಪ ಬೇರೆ, ನಾನೇ ತಪ್ಪು ಅನ್ನುವ ನಾಚಿಕೆ ಬೇರೆ. ಮೊದಲನೆಯದಕ್ಕೆ ಎಲ್ಲ ಧರ್ಮಗಳಲ್ಲೂ ದಾರಿ ಇದೆ: ಒಪ್ಪಿಕೋ, ಕ್ಷಮೆ ಕೇಳು, ಸರಿಪಡಿಸು, ಮುಂದೆ ಹೋಗು. ಎರಡನೆಯದಕ್ಕೆ ಆ ದಾರಿ ಹಿಡಿಸೋದಿಲ್ಲ. ಅದು ಪಾಪದ ಬಗ್ಗೆ ಇರುವ ಮಾತನ್ನೆಲ್ಲ ಎತ್ತಿಕೊಳ್ಳುತ್ತದೆ, ಕ್ಷಮೆಯ ಮಾತನ್ನು ಅಲ್ಲೇ ಬಿಟ್ಟುಬಿಡುತ್ತದೆ. ಅದರಲ್ಲೂ ಚಿಕ್ಕಂದಿನಲ್ಲಿ ಯಾರಿಂದಲೋ ಹಿಂಸೆ ಅನುಭವಿಸಿದವರಿಗೆ (ಈ ಕಾಯಿಲೆ ಇರುವ ಎಲ್ಲರೂ ಅಲ್ಲ, ಆದರೆ ತುಂಬಾ ಜನ) "ಇದು ನಿನ್ನ ಪಾಪದ ಫಲ", "ದೇವರ ಪರೀಕ್ಷೆ" ಅನ್ನುವ ಮಾತು ಯಾವ ಬಾಯಿಂದ ಬಂದರೂ ವಿಷವೇ.

ನನಗೆ ಸಿಟ್ಟು ಬಂದಾಗ, ಯಾರನ್ನೋ ನೋಯಿಸಿದಾಗ, ಮಾರನೇ ದಿನ ಉಪವಾಸ ಮಾಡುತ್ತಿದ್ದೆ. ಅದು ಒಂದು ದಿನದ್ದು ಎರಡಾಗುತ್ತಿತ್ತು. ಮಧ್ಯರಾತ್ರಿಯಲ್ಲಿ ಹರಕೆ ಹೊರುತ್ತಿದ್ದೆ, ಬೆಳಿಗ್ಗೆ ಎದ್ದು ತೀರಿಸಲಾಗದಷ್ಟು ದೊಡ್ಡವು. ಇದನ್ನೇ ಬೇರೆ ರೂಪದಲ್ಲಿ ಮಾಡಿದ್ದರೆ ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಉಪವಾಸ ಅಂದರೆ ಯಾರೂ ಪ್ರಶ್ನೆ ಮಾಡೋದಿಲ್ಲ. ಉಲ್ಟಾ ಗೌರವ ಕೊಡುತ್ತಾರೆ. ನನ್ನ ಥೆರಪಿಸ್ಟ್ ಮಾತ್ರ ಒಮ್ಮೆ ನಡುವೆ ತಡೆದರು. ಅವರು ಸ್ವತಃ ನಂಬುವವರಾ ಇಲ್ಲವಾ ನನಗೆ ಇವತ್ತಿಗೂ ಗೊತ್ತಿಲ್ಲ.

"ಉಪವಾಸ ಬಿಡುವಾಗ ಏನನ್ನಿಸುತ್ತೆ ನಿಮಗೆ? ದೇವರಿಗೆ ಹತ್ತಿರ ಆದೆ ಅಂತನಾ, ಶಿಕ್ಷೆ ಮುಗೀತು ಅಂತನಾ?"

"ಶಿಕ್ಷೆ ಮುಗೀತು ಅಂತ, ಮೇಡಂ."

"ಆ ಶಿಕ್ಷೆ ಕೊಟ್ಟಿದ್ದು ಯಾರು?"

ಅವತ್ತಿನ ಸೆಷನ್ನಿನಲ್ಲಿ ಆಮೇಲೆ ಮಾತು ಮುಂದೆ ಹೋಗಲಿಲ್ಲ. ಆದರೆ ಆ ಮೊದಲ ಪ್ರಶ್ನೆಯನ್ನು ನಾನು ಈಗ ಎಲ್ಲದಕ್ಕೂ ಹಚ್ಚಿ ನೋಡುತ್ತೇನೆ. ಉಪವಾಸಕ್ಕೆ, ದಾನಕ್ಕೆ, ಗಂಟೆಗಟ್ಟಲೆ ಮಂಡಿಯೂರಿ ಕೂರುವುದಕ್ಕೆ. ಧಾರ್ಮಿಕ ಗುಂಪುಗಳನ್ನು ನಡೆಸುವವರಿಗೂ ಈ ಪ್ರಶ್ನೆ ಗೊತ್ತಿದ್ದರೆ ಒಳ್ಳೆಯದು. ಯಾರಾದರೂ ಹುಚ್ಚೆದ್ದ ಹಾಗೆ ವ್ರತ ಹಿಡಿದರೆ ಹೊಗಳುವ ಮೊದಲು, ಈ ವಾರ ಅವರ ಜೀವನದಲ್ಲಿ ಏನಾಯಿತು ಅಂತ ಒಂದು ಮಾತು ಕೇಳಿ. ಸಾಯುವ ಮಾತು ಬಂದರೆ ಪ್ರಾರ್ಥನೆ ಆಮೇಲೆ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಖಾಲಿತನದ ಬಗ್ಗೆಯೂ ಹೀಗೇ ಒಂದು ಗೊಂದಲವಿದೆ. ಅನುಭಾವಿಗಳು ಎಲ್ಲವನ್ನೂ ಕಳಚಿ ಖಾಲಿಯಾಗುವುದರ ಬಗ್ಗೆ ಬರೆದಿದ್ದಾರೆ. ಓದಿ ನನಗೆ ಖುಷಿಯಾಗಿತ್ತು. ನನಗೆ ಆಗಲೇ ಅದು ಸಿಕ್ಕಿಬಿಟ್ಟಿದೆ ಅಂದುಕೊಂಡಿದ್ದೆ! ಆದರೆ ಅವರ ಖಾಲಿಯಲ್ಲಿ ಜಾಗ ಇದೆ, ನೆಮ್ಮದಿ ಇದೆ. ನನ್ನದು ಕಚ್ಚುವ ಖಾಲಿ, ಏನನ್ನಾದರೂ ತಂದು ಸುರಿ ಅನ್ನುವ ಖಾಲಿ. ಇರುವ ತನ್ನನ್ನು ಬಿಟ್ಟುಕೊಡುವುದು ಸಾಧನೆ ಇರಬಹುದು. ನಾನು ಅನ್ನುವುದು ಇನ್ನೂ ಗಟ್ಟಿಯಾಗಿಲ್ಲದವರಿಗೆ "ನಾನು ಎಂಬುದನ್ನು ಬಿಡು" ಎಂದು ಉಪದೇಶಿಸುವುದು ಕ್ರೂರ.

ಒಬ್ಬ ಡಾಕ್ಟರಮ್ಮನ ಕಥೆ

ಬಿಪಿಡಿಗೆ ಇವತ್ತು ಹೆಚ್ಚು ಹೆಸರಾದ ಚಿಕಿತ್ಸೆ ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಅದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲೈನೆಹನ್. 2011ರಲ್ಲಿ ಅವರು ಎಲ್ಲರ ಮುಂದೆ ಒಂದು ವಿಷಯ ಹೇಳಿದರು. 1961ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮಾನಸಿಕ ಆಸ್ಪತ್ರೆಗೆ ತಮ್ಮನ್ನೂ ಸೇರಿಸಿದ್ದರು, ಮೈಗೆ ತೀವ್ರವಾಗಿ ನೋವು ಮಾಡಿಕೊಳ್ಳುತ್ತಿದ್ದ ಕಾರಣಕ್ಕೆ ಎರಡು ವರ್ಷಕ್ಕೂ ಹೆಚ್ಚು ಅಲ್ಲಿದ್ದೆ ಎಂದು. ಅದೇ ಆಸ್ಪತ್ರೆಯಲ್ಲಿ ನಿಂತು ಹೇಳಿದರು. ಬಿಪಿಡಿ ಇರುವವರು ಮೈಯೆಲ್ಲ ಸುಟ್ಟಗಾಯ ಆದವರ ಹಾಗೆ, ಚೂರು ಸೋಕಿದರೂ ಉರಿ ಎಂದವರೂ ಅವರೇ.

ನನ್ನ ಪ್ರಶ್ನೆಗೆ ಸಂಬಂಧಪಟ್ಟದ್ದು ಅವರ ಇನ್ನೊಂದು ಅನುಭವ. ಅವರು ಕ್ಯಾಥೊಲಿಕ್. 1967ರಲ್ಲಿ ಶಿಕಾಗೋದ ಒಂದು ಚಾಪೆಲ್‌ನಲ್ಲಿ ಮಂಡಿಯೂರಿ ಶಿಲುಬೆ ನೋಡುತ್ತಿದ್ದಾಗ ಇಡೀ ಜಾಗ ಹೊನ್ನಿನ ಬಣ್ಣಕ್ಕೆ ತಿರುಗಿತಂತೆ. ಏನೋ ತನ್ನ ಕಡೆಗೆ ಬಂದ ಹಾಗಾಯಿತಂತೆ. ಕೋಣೆಗೆ ಓಡಿಹೋಗಿ, ನನ್ನನ್ನು ನಾನು ಪ್ರೀತಿಸುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡರಂತೆ. ಇದನ್ನು ಯಾವ ಡಾಕ್ಟರಿಗೆ ಹೇಳಿದರೂ ಒತ್ತಡದಲ್ಲಿ ಮನಸ್ಸು ಮಾಡಿದ ಆಟ ಎಂದು ಬರೆದುಕೊಳ್ಳುತ್ತಿದ್ದರೇನೋ. ಯಾವ ಭಕ್ತರಿಗೆ ಹೇಳಿದರೂ ಸಾಕ್ಷಾತ್ಕಾರ ಅನ್ನುತ್ತಿದ್ದರೇನೋ. ನನಗೆ ಕುತೂಹಲ ಇರುವುದು ಆಮೇಲಿನ ಭಾಗದಲ್ಲಿ. ಆ ಆನಂದ ಸುಮಾರು ಒಂದು ವರ್ಷ ಇತ್ತು. ಆಮೇಲೆ ಒಂದು ಪ್ರೀತಿ ಮುರಿದುಬಿತ್ತು, ಹಳೆಯ ಸಂಕಟವೆಲ್ಲ ವಾಪಸ್ ಬಂತು. ಆದರೆ ಈ ಸಲ ಅವರು ಮೈಗೆ ನೋವು ಮಾಡಿಕೊಳ್ಳಲಿಲ್ಲ. ಬಿರುಗಾಳಿ ನಿಲ್ಲುವವರೆಗೆ ಕಾಯಲು ಆಯಿತು. ಅಂದರೆ ಹೊನ್ನಿನ ಬಣ್ಣ ಹೋಯಿತು, ಅದು ಮಾಡಿದ ಕೆಲಸ ಉಳಿಯಿತು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಝೆನ್ ಎಂಬ ಬೌದ್ಧ ಧ್ಯಾನಪದ್ಧತಿ ಕಲಿತರು, ಇರುವುದನ್ನು ಇರುವ ಹಾಗೇ ಒಪ್ಪಿಕೊಳ್ಳುವುದನ್ನು ಚಿಕಿತ್ಸೆಯ ನಡುವಿಗೆ ತಂದರು. ಗಂಟೆಗಟ್ಟಲೆ ಕಣ್ಣುಮುಚ್ಚಿ ಕೂರುವುದು ಈ ರೋಗಿಗಳಿಗೆ ಆಗದ ಮಾತು ಎಂದು ಅದನ್ನು ಚಿಕ್ಕ ಚಿಕ್ಕ ಅಭ್ಯಾಸಗಳಾಗಿ ಒಡೆದರು. (ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಉದ್ದದ ಧ್ಯಾನದಲ್ಲಿ ಕೈಕಾಲು ನನ್ನವಲ್ಲ ಅನ್ನಿಸಿದ್ದನ್ನು ನಾನು ಸಮಾಧಿ ಸ್ಥಿತಿ ಎಂದೇ ಭಾವಿಸಿದ್ದೆ.) 1993ರಲ್ಲಿ ಪ್ರಕಟವಾದ ಅವರ ಕೈಪಿಡಿಯಲ್ಲಿ, ಸಂಕಟ ತಡೆದುಕೊಳ್ಳುವ ಉಪಾಯಗಳಲ್ಲಿ ಪ್ರಾರ್ಥನೆಯೂ ಒಂದು. ಆದರೆ ಎಲ್ಲ ಪ್ರಾರ್ಥನೆಯೂ ಅಲ್ಲ. ಇದನ್ನು ನನ್ನಿಂದ ತೆಗೆದುಬಿಡು ಅನ್ನುವ ಪ್ರಾರ್ಥನೆ ಅಲ್ಲ, ನನಗೇ ಯಾಕೆ ಅನ್ನುವುದೂ ಅಲ್ಲ. ಈ ಗಳಿಗೆಗೆ ಪೂರ್ತಿ ತೆರೆದುಕೊಳ್ಳುವ ಪ್ರಾರ್ಥನೆ. ನನ್ನ ಹತ್ತೂವರೆ ಗಂಟೆಯ ಗಡುವು ಮೊದಲನೇ ಜಾತಿಯದು ಎಂದು ಬೇರೆ ಹೇಳಬೇಕಾಗಿಲ್ಲ.

ವಾಸಿಯಾದರೆ ದೇವರೂ ಹೋಗುತ್ತಾನಾ?

ಈ ಕಾಯಿಲೆ ಹುಟ್ಟುಗುಣ, ಸುಟ್ಟರೂ ಹೋಗಲ್ಲ ಎಂದು ಹೇಳುವವರು ಇನ್ನೂ ಇದ್ದಾರೆ. ಅದು ಸುಳ್ಳು. ಮೇರಿ ಝನರಿನಿ ಎಂಬ ಸಂಶೋಧಕಿ ಮತ್ತು ಜೊತೆಗಾರರು ಆಸ್ಪತ್ರೆಗೆ ದಾಖಲಾಗಿದ್ದ 290 ರೋಗಿಗಳನ್ನು ಹತ್ತು ವರ್ಷ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಕಡಾ 93 ಜನರಲ್ಲಿ ಕಾಯಿಲೆ ಕನಿಷ್ಠ ಎರಡು ವರ್ಷಗಳ ಕಾಲ ಡಯಾಗ್ನೋಸಿಸ್‌ನ ಮಟ್ಟಕ್ಕಿಂತ ಕೆಳಗಿಳಿದಿತ್ತು. ಕೆಲಸ, ಸಂಬಂಧಗಳು ಎಲ್ಲ ಸೇರಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟು. ಲಕ್ಷಣ ತಗ್ಗುವುದಕ್ಕಿಂತ ಬದುಕು ಕಟ್ಟಿಕೊಳ್ಳುವುದು ಕಷ್ಟ, ಅದೂ ನಿಜ.

ನಾನು ಆ ಕೆಳಗಿಳಿದವರಲ್ಲಿ ಒಬ್ಬಳು. ಖುಷಿಪಡಬೇಕು, ಪಡುತ್ತೇನೆ ಕೂಡ. ಆದರೆ ಯಾರೂ ಮೊದಲೇ ಹೇಳಿರದ ಒಂದು ನಷ್ಟವಾಯಿತು. ದೇವರು ತಣ್ಣಗಾದ. ಕಣ್ಣೀರು ಬರೋದಿಲ್ಲ. ಮೈ ಜುಮ್ಮೆನ್ನುವುದಿಲ್ಲ. ಪ್ರಾರ್ಥನೆ ಅಂದರೆ ಈಗ ಬಹುತೇಕ ಸುಮ್ನೆ ಕೂರುವುದು, ನಡುವೆ ನಾಳೆಯ ಕೆಲಸ ನೆನಪಾಗುವುದು. ಮೊದಲು ಇದು ಕಾಯಿಲೆ ವಾಸಿಯಾದ ಗುರುತು ಅನ್ನಿಸಲಿಲ್ಲ, ಕೈಬಿಟ್ಟ ಗುರುತು ಅನ್ನಿಸಿತು. ಥೆರಪಿ ನಿಲ್ಲಿಸಿಬಿಡೋಣ ಅನ್ನುವವರೆಗೆ ಹೋಗಿತ್ತು. ಆ ನೋವು ವಾಪಸ್ ಬಂದರೂ ಪರವಾಗಿಲ್ಲ, ಆ ಬಿಸಿ ಬೇಕು. ಇದನ್ನು ಹೇಳಿಕೊಂಡಾಗ ಇಬ್ಬರು ಎರಡು ಥರ ಉತ್ತರ ಕೊಟ್ಟರು. ಒಬ್ಬರು, "ನೋಡಿದ್ಯಾ, ಎಲ್ಲಾ ಕಾಯಿಲೆನೇ ಆಗಿತ್ತು" ಎಂದರು. ಇನ್ನೊಬ್ಬರು, "ಡಾಕ್ಟರುಗಳ ಸಹವಾಸ ಮಾಡಿ ನಂಬಿಕೆ ಕಳ್ಕೊಂಡೆ" ಎಂದರು. ಇಬ್ಬರೂ ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಇಬ್ಬರೂ ನಂಬಿಕೆ ಎಂದರೆ ಅನ್ನಿಸಿಕೆ ಎಂದು ತಿಳಿದಿದ್ದರು, ನನ್ನ ಹಾಗೇ.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಹೊರಬಂದವು. ಹತ್ತಿರ ಹತ್ತಿರ ಐವತ್ತು ವರ್ಷ ಅವರಿಗೆ ದೇವರ ಇರವೇ ಅನುಭವಕ್ಕೆ ಬಂದಿರಲಿಲ್ಲ ಎಂದು ಅವುಗಳಿಂದ ಗೊತ್ತಾಯಿತು. ಆಗ ಅದು ದೊಡ್ಡ ಸುದ್ದಿ. ಕೆಲವರು ಕಪಟ ಎಂದರು, ಕೆಲವರು ಸಂತತನಕ್ಕೆ ಇದೇ ಸಾಕ್ಷಿ ಎಂದರು. ಅವರ ಕೆಲಸದ ಬಗ್ಗೆ ಇರುವ ಚರ್ಚೆ ಬೇರೆ, ಅದು ಇಲ್ಲಿ ಬೇಡ. ಅವರಿಗೆ ಯಾವ ಕಾಯಿಲೆಯ ಹೆಸರು ಹಚ್ಚುವ ಆಸೆಯೂ ನನಗಿಲ್ಲ. ನನಗೆ ತಟ್ಟಿದ್ದು ಒಂದೇ: ಏನೂ ಅನ್ನಿಸದೆಯೂ ಒಬ್ಬರು ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರಬಹುದು, ಅದೂ ಅಷ್ಟು ವರ್ಷ. ಅದು ನನಗೆ ಯೋಚನೆಗೇ ಬಾರದ ಸಾಧ್ಯತೆಯಾಗಿತ್ತು. ಹಾಗೆಯೇ ಸಿಟ್ಟು. ದೇವರನ್ನು ಮುಖಕ್ಕೆ ಬೈದು ಹಾಡಿದ ನಿಂದಾಸ್ತುತಿಗಳಿವೆ, ದೇವರ ಜೊತೆ ವಾದಕ್ಕೆ ನಿಂತ ಬೈಬಲ್ಲಿನ ಯೋಬನಂಥವರಿದ್ದಾರೆ. ಅವರು ಬೈದರು, ಆದರೆ ಎದ್ದು ಹೋಗಲಿಲ್ಲ. ನನಗೆ ಬೈಯುವುದೂ ಎದ್ದು ಹೋಗುವುದೂ ಒಂದೇ ಆಗಿತ್ತು. ಈಗ ಸಿಟ್ಟು ಬಂದರೆ ಕೂತಲ್ಲೇ ಬೈಯುತ್ತೇನೆ. ಇದು ಸುಲಭ ಅಂತ ಕಾಣಬಹುದು. ನನಗೆ ಥೆರಪಿಯಲ್ಲಿ ಕಲಿಯಬೇಕಾಯಿತು.

ಹಾಗಾದರೆ ಭಕ್ತಿ ನನ್ನದಾ, ಕಾಯಿಲೆಯದಾ? ಇವೆರಡನ್ನು ಬೇರೆ ಬೇರೆ ಮಾಡಿ ಇಡಬಹುದು ಅನ್ನುವ ನಂಬಿಕೆ ಈಗ ಇಲ್ಲ. ಕಾಯಿಲೆ ಇರದವರ ಭಕ್ತಿಯೂ ಅವರ ಸ್ವಭಾವ, ಅವರ ಮನೆ, ಅವರ ಭಯಗಳ ಮೂಲಕವೇ ಬಂದಿರುತ್ತದೆ, ಅವರನ್ನು ಯಾರೂ ಈ ಪ್ರಶ್ನೆ ಕೇಳೋದಿಲ್ಲ. ಬಿಪಿಡಿ ಇರುವವರ ಸಿಟ್ಟು ಬರೀ ಕಾಯಿಲೆ, ಪ್ರೀತಿ ಬರೀ ಕಾಯಿಲೆ ಎಂದು ತಳ್ಳಿಹಾಕುವುದು ಎಲ್ಲರಿಗೂ ಅಭ್ಯಾಸವಾಗಿದೆ. ದೇವರನ್ನೂ ಆ ಪಟ್ಟಿಗೆ ಸೇರಿಸಲು ನಾನು ತಯಾರಿಲ್ಲ. ತೀರ್ಮಾನಗಳನ್ನು ಮಾತ್ರ ಮುಂದಕ್ಕೆ ಹಾಕುತ್ತೇನೆ. ರಾತ್ರಿ ಹತ್ತರ ಮೇಲೆ ದೇವರಿದ್ದಾನೋ ಇಲ್ಲವೋ ಅನ್ನುವ ವಿಷಯ ತೆಗೆಯೋದಿಲ್ಲ. ಹರಕೆ ಹೊರಬೇಕೆನಿಸಿದರೆ ಒಂದು ವಾರ ಬಿಟ್ಟು ನೋಡುತ್ತೇನೆ.

ಈಗ ಹೋಗುತ್ತಿರುವ ಗುಂಪಿನ ಹಿರಿಯರಿಗೆ ಕಾಯಿಲೆಯ ವಿಷಯ ಹೇಳಿದ್ದೇನೆ. ಅವರು ನನಗೆ ಉಪದೇಶ ಮಾಡಲಿಲ್ಲ. ನನ್ನಿಂದ ಏನಾಗಬೇಕಮ್ಮಾ ಎಂದು ಕೇಳಿದರು. ನಾನು ಯೋಚಿಸಿ ಹೇಳಿದೆ: "ಕೆಲವು ಸಲ ನಾನು ಎಲ್ಲರ ಮೇಲೂ ಸಿಟ್ಟು ಮಾಡ್ಕೊಂಡು ಬರೋದು ನಿಲ್ಲಿಸ್ತೀನಿ. ಆಗ ಹುಡುಕ್ಕೊಂಡು ಬಂದು ಸಮಾಧಾನ ಮಾಡೋದು ಬೇಡ ಸರ್. ನನ್ನ ಹೆಸರು ಮಾತ್ರ ಪಟ್ಟಿಯಿಂದ ತೆಗೀಬೇಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆಯಲ್ಲ. ಆದ್ರೆ ಹಾಜರಿ ಪುಸ್ತಕ ಬರೆಯೋರು ಯಾರೂ ಇಲ್ಲ, ಇನ್ಮೇಲೆ ಅದನ್ನ ನೀವೇ ಬರೀರಿ" ಎಂದರು. ಬರೆಯುತ್ತಿದ್ದೇನೆ. ನನ್ನ ಹೆಸರಿನ ಮುಂದೆ ಗೈರುಹಾಜರಿ ಹಾಕಿದ್ದೂ ನಾನೇ, ಮುಂದಿನ ವಾರ ವಾಪಸ್ ಬಂದು.